ಅಳಿದ ಹಳ್ಳಿಯ ಹೆಸರು

ನನ್ನ ಹಳೆಯ ಇಂಗ್ಲಿಷ್ ಸಹೋದ್ಯೋಗಿಯೊಬ್ಬರ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತವರು ಇಂಗ್ಲೆಂಡಿನಲ್ಲೇ ಬೆರಳೆಣಿಕೆಯಷ್ಟು. ಬರೆದರೆ ಅವರ ಮನೆ ಬಾಗಿಲು ತೋರಿಸಿಕೊಟ್ಟಂತೆ. ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಸಿಂಗಾಪುರದ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿದ್ದೆವು. ವಯಸ್ಸಿನಲ್ಲಿ ಅವರು ನನಗಿಂತ ತುಂಬ ಹಿರಿಯರು. ಹೆಂಡತಿ ತೀರಿಕೊಂಡ ಮೇಲೆ ಮಗಳೊಂದಿಗೆ ಬೆಡೋಕ್‌ನಲ್ಲಿ, ನಮ್ಮ ಪಕ್ಕದ ಬ್ಲಾಕಿನಲ್ಲೇ ಇದ್ದರು. ಭಾನುವಾರ ಬೆಳಿಗ್ಗೆ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿಗೆ ಸೇರುತ್ತಿದ್ದೆವು.

ಯಾವ ಮಾತು ತೆಗೆದರೂ ಅವರು ತಮ್ಮ ಹೆಸರಿನ ಚರಿತ್ರೆಗೇ ಬಂದು ನಿಲ್ಲುತ್ತಿದ್ದರು. ಅದು ಮೂಲದಲ್ಲಿ ಒಂದು ಊರಿನ ಹೆಸರಂತೆ. ಜೌಗು ನೆಲದ ಅಂಚಿನಲ್ಲಿದ್ದ ನಾಲ್ಕಾರು ಮನೆಗಳ ಹಳ್ಳಿ. ಬೆಳೆ ಕೈಕೊಟ್ಟು ಜನ ಗುಳೆ ಹೊರಟಾಗ, ಹೋದಲ್ಲಿನವರು ಅವರನ್ನು ಬಿಟ್ಟುಬಂದ ಊರಿನ ಹೆಸರಿನಿಂದಲೇ ಕರೆದರು. ಹಳ್ಳಿ ಅಳಿಯಿತು, ಹೆಸರು ಉಳಿಯಿತು. ಇದರಲ್ಲಿ ಅವರು ಹೇಳಿದ್ದೆಷ್ಟು, ನಾನು ಆಮೇಲೆ ಎಲ್ಲೋ ಓದಿ ಸೇರಿಸಿಕೊಂಡದ್ದೆಷ್ಟು ಎಂದು ಈಗ ಬಿಡಿಸಿ ಹೇಳಲಾರೆ.

ಒಂದು ವರ್ಷ ಅವರ ಮಗಳ ಮದುವೆ ನಿಶ್ಚಯವಾಯಿತು. ಗಂಡನ ಹೆಸರನ್ನೇ ಇಟ್ಟುಕೊಳ್ಳುತ್ತೇನೆಂದು ಅವಳು ಹೇಳಿದ್ದಳು.

"ನಮ್ಮ ಮನೆಯಲ್ಲಿ ನನ್ನೊಂದಿಗೆ ಹೆಸರು ಮುಗಿಯಿತು," ಎಂದರು ಅವರು, ಕಾಫಿ ಆರಲು ಬಿಟ್ಟು.

"ಡ್ಯಾಡಿ, ಯಾರೂ ಸತ್ತಿಲ್ಲ ಲಾ!" ಎದುರಿಗೆ ಕೂತಿದ್ದ ಮಗಳು ಸಿಂಗಾಪುರದವರಂತೆ 'ಲಾ' ಎಳೆದು ನಕ್ಕಳು. ಅವರು ನಗಲಿಲ್ಲ.

ಉಡುಪಿಯ ಕಡೆಯಿಂದ ಬಂದಿದ್ದ ನನ್ನ ಅಮ್ಮ ಪಕ್ಕದಲ್ಲೇ ಕೂತಿದ್ದರು. ಇವರ ಮುಖ ಯಾಕೆ ಸಣ್ಣದಾಯಿತೆಂದು ತುಳುವಿನಲ್ಲಿ ಕೇಳಿದರು. ಹೇಳಿದೆ.

"ಅಕ್ಕ ತಂಗಿ ಯಾರೂ ಇಲ್ವಂತಾ ಇವರಿಗೆ?"

ಕೇಳಿ ಹೇಳಿದೆ: ಒಬ್ಬ ತಂಗಿ ಇದ್ದಾಳೆ, ಅವಳಿಗೆ ಗಂಡುಮಕ್ಕಳಿದ್ದಾರೆ, ಆದರೆ ಅವರೆಲ್ಲರ ಹೆಸರು ಬೇರೆ.

"ಹೆಸರು ಬೇರೆಯಾದ್ರೆ ತಂಗಿ ಬೇರೆಯಾಗ್ತಾಳಾ? ಮಗಳು ಹೇಗೂ ತಾಯಿಯ ಕುಲದವಳು. ಇವರ ಕುಲ ತಂಗಿ ಮಕ್ಕಳಲ್ಲಿ ಉಂಟಲ್ಲ! ಮತ್ತೆ ಎಂತಕ್ಕೆ ಮಾರಾಯ ಬೇಜಾರು?"

ನಮ್ಮಲ್ಲಿ ಕುಲ ಹರಿಯುವುದು ತಾಯಿಯ ಕಡೆಯಿಂದ. ಗಂಡಸಿನ ವಾರಸುದಾರ ಅವನ ಸೋದರಿಯ ಮಗ. ಅಮ್ಮ ಅದನ್ನು ಇಡೀ ಲೋಕದ ಪದ್ಧತಿ ಎಂದೇ ತಿಳಿದಿದ್ದರು. ನಾನು ಮುಜುಗರದಿಂದಲೇ ಇಂಗ್ಲಿಷಿಗೆ ತಿರುಗಿಸಿದೆ. ಅವರು ಆರಿದ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಆ ಹುಡುಗರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ," ಎಂದರು ಕೊನೆಗೆ.

"ಆ ಹುಡುಗರನ್ನ ಮದುವೆಗೆ ಕರೆದಿದ್ದಾರಂತಾ?" ಅಮ್ಮ ಬಿಡಲಿಲ್ಲ.

"ಇಲ್ಲ. ಅಷ್ಟು ದೂರದಿಂದ ಯಾರು ಬರುತ್ತಾರೆ?" ಎಂದರು ಅವರು.

"ನಾನು ಬರ್ಲಿಲ್ವಾ?"

ಮದುವೆಗೆ ತಂಗಿಯ ಹಿರಿಯ ಮಗ ಬಂದಿದ್ದ. ಎತ್ತರದ ಹುಡುಗ, ಮಾವನದೇ ಮೂಗು. ಅವರು ಅವನನ್ನು ಅಮ್ಮನ ಮುಂದೆ ತಂದು ನಿಲ್ಲಿಸಿ "ನನ್ನ ವಾರಸುದಾರ" ಎಂದದ್ದು, ಅಮ್ಮ ಅವನ ಕೆನ್ನೆ ಸವರಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅಷ್ಟರಲ್ಲಿ ಅಮ್ಮ ಊರಿಗೆ ಹೋಗಿಯಾಗಿತ್ತು ಎನ್ನುತ್ತಾಳೆ ನನ್ನ ಹೆಂಡತಿ. ನಮ್ಮಲ್ಲಿರುವ ಒಂದೇ ಫೋಟೋದಲ್ಲಿ ಅಮ್ಮ ಇಲ್ಲ. ಹುಡುಗನಿದ್ದಾನೆ, ಅವನ ಹೆಗಲ ಮೇಲೆ ಅವರ ಕೈ ಇದೆ. ಇಬ್ಬರೂ ಕ್ಯಾಮೆರಾ ಬಿಟ್ಟು, ಪಕ್ಕದಲ್ಲಿರುವ, ಫೋಟೋದಲ್ಲಿ ಕಾಣದ ಯಾರನ್ನೋ ನೋಡಿ ನಗುತ್ತಿದ್ದಾರೆ.