ಹುಳುವಿಗೆ ಭಾನುವಾರವಿಲ್ಲ

ಮಂಗಮ್ಮನ ಹೆಸರನ್ನು ನಾನು ಮೊದಲು ಕೇಳಿದ್ದು ಪಕ್ಕದ ಮನೆಯ ಗಂಗುಲಪ್ಪನ ಬಾಯಲ್ಲಿ. ೧೯೮೬ರ ಬೇಸಿಗೆ. ದಿಬ್ಬೂರಹಳ್ಳಿಯಲ್ಲಿ ನಮ್ಮ ಮನೆ ಮುಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತ, "ಅಶ್ವತ್ಥಮ್ಮಕ್ಕ, ನೂಲು ತೆಗೆಯೋ ಹಳೇ ಶೆಡ್ಡಲ್ಲಿ ಅಲ್ಲೇಲೂಯದೋರು ಸೇರ್ಕೊಂಡವ್ರೆ. ಮಂಗಮ್ಮ ಅಂತ ಒಬ್ಬಳು ಮನೆಮನೆಗೆ ಬರ್ತಾಳೆ. ಹುಷಾರು, ಕುಂಕುಮ ಅಳಿಸಿಬಿಡ್ತಾರೆ" ಎಂದ.

ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಹಣೆಯಲ್ಲಿ ಅಳಿಸುವುದಕ್ಕೆ ಏನು ಉಳಿದಿತ್ತು? ಮದುವೆ ಮನೆಗಳಲ್ಲಿ ಅಡುಗೆಮನೆಯ ಮೂಲೆಗೆ ಸೇರಿದ್ದವಳಿಗೆ ಆ ಶೆಡ್ಡಿನಲ್ಲಿ ಮುಂದಿನ ಚಾಪೆ ಸಿಕ್ಕಿತು. ಹೋಗಿ ಕೂತೆ.

ಕೂತವಳು ಏಳಲಿಲ್ಲ. ಭಾನುವಾರ ಹಾಡು, ದೇವರು ತಮಗೆ ಮಾಡಿದ್ದನ್ನು ಹೇಳುವ ಸಾಕ್ಷಿ, ಪಾಸ್ಟರ ಪ್ರಸಂಗ, ಕೊನೆಗೆ ಒಬ್ಬೊಬ್ಬರ ಪ್ರಾರ್ಥನೆ. ನಾನು ಓದಿದ್ದು ಎರಡನೇ ಕ್ಲಾಸು. ಬಾಯಿಗೆ ಮಾತ್ರ ಯಾವ ಮೇಷ್ಟರೂ ಬೇಕಿರಲಿಲ್ಲ. ಆದಾಮನಿಂದ ಹಿಡಿದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನವರೆಗೆ ಎಲ್ಲವನ್ನೂ ದೇವರಿಗೆ ನೆನಪಿಸುತ್ತಿದ್ದೆ, ಅವನಿಗೇನೋ ಮರೆವು ಎಂಬಂತೆ. ಒಲೆಯ ಮೇಲೆ ಸಾರು ಇಟ್ಟು ಬಂದ ಹೆಂಗಸರು ಕೂತಲ್ಲೇ ಅಲುಗಾಡುತ್ತಿದ್ದರು. ಅದನ್ನು ನಾನು ಪವಿತ್ರಾತ್ಮನ ಕೆಲಸ ಎಂದುಕೊಳ್ಳುತ್ತಿದ್ದೆ.

ಮಂಗಮ್ಮ ಕೂರುತ್ತಿದ್ದುದು ಹಿಂದೆ, ಬಾಗಿಲ ಹತ್ತಿರ. ಕುದಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದು ತೆಗೆದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಅವಳ ಪ್ರಾರ್ಥನೆ ಒಂದೇ ಉಸಿರಿನದು. ಪಾಪ, ಇವಳಿಗೆ ದೇವರು ಮಾತಿನ ವರ ಕೊಟ್ಟಿಲ್ಲ ಎಂದು ಮರುಗುತ್ತಿದ್ದೆ.

ಒಂದು ಭಾನುವಾರ ಅವಳು ತಡವಾಗಿ ಬಂದು, ಪ್ರಸಂಗದ ನಡುವೆಯೇ ಬಾಗಿಲಲ್ಲಿ ನಿಂತು, "ಅಯ್ಯನೋರೇ, ಗಂಗುಲಪ್ಪನ ಮನೇಲಿ ಹುಳ ಎಲ್ಲಾ ಒಟ್ಟಿಗೇ ಹಣ್ಣಾಗವೆ. ಹೆಂಡ್ತಿ ಹೆರಿಗೆಗೆ ಚಿಂತಾಮಣಿ ಆಸ್ಪತ್ರೇಲವ್ಳೆ. ಅವನೊಬ್ಬನೇ" ಎಂದಳು.

ಮೇವು ಬಿಟ್ಟು ಹಣ್ಣಾದ ರೇಷ್ಮೆ ಹುಳುವನ್ನು ಕೂಡಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಇಲ್ಲವಾದರೆ ಸೊಪ್ಪಿನ ಕಸದಲ್ಲೇ ಸುತ್ತಿಕೊಂಡು ಬೆಳೆ ಹಾಳು. ಬಾಣಂತಿ ಬರಲಿದ್ದ ಆ ಮನೆಗೆ ಅದೊಂದೇ ಬೆಳೆ ಗತಿ.

"ಪ್ರಾರ್ಥನೆ ಮುಗಿಸ್ಕೊಂಡು ಹೋಗಣ" ಎಂದೆ. ನನ್ನ ಸರದಿ ಇನ್ನೂ ಬಂದಿರಲಿಲ್ಲ.

"ಹುಳಕ್ಕೆ ಭಾನುವಾರ ಗೊತ್ತಾಗಲ್ಲ ಕಣಕ್ಕ" ಎಂದು ಅವಳು ಹೊರಟೇಬಿಟ್ಟಳು. ಪಾಸ್ಟರು ಬೈಬಲ್ ಮುಚ್ಚಿ ಪಂಚೆ ಎತ್ತಿ ಕಟ್ಟಿದರು. ಸಭೆಯೆಲ್ಲ ಅವರ ಹಿಂದೆ ನಡೆಯಿತು.

ಗಂಗುಲಪ್ಪ ಬಾಗಿಲಿಗೆ ಅಡ್ಡ ನಿಂತ. "ಹುಳ ಹಿಡಿಯೋಕೆ ಬಂದ್ರೋ, ನನ್ನ ಹಿಡಿಯೋಕೆ ಬಂದ್ರೋ?"

"ನಿನ್ನ ತೂಕ ಯಾವ ಚಂದ್ರಿಕೆ ತಡೀತದಪ್ಪ? ಜರುಗು" ಎಂದಳು ಮಂಗಮ್ಮ.

ನನ್ನನ್ನು ಮಾತ್ರ ಅವಳೇ ತಡೆದಳು. "ಪೌಡರ್ ತೊಳ್ಕೊಂಡು ಬಾಕ್ಕ. ವಾಸನೆಗೆ ಹುಳ ಕೆಡ್ತವೆ." ಸಭೆಗೆಂದು ಬಳಿದುಕೊಂಡದ್ದೆಲ್ಲ ಬಚ್ಚಲಿಗೆ ಹೋಯಿತು. ಒಳಗೆ ಬಂದು, ಹುಳುವಿನ ತಟ್ಟೆಯ ಮುಂದೆ ಕಣ್ಣು ಮುಚ್ಚಿ "ಪರಲೋಕದ ತಂದೆಯೇ" ಎಂದು ಶುರುಮಾಡಿದೆ.

"ಕಣ್ಣು ಬಿಟ್ಕೊಂಡು ಮಾಡಕ್ಕ, ಕೈ ಖಾಲಿ ಅವೆ" ಎಂದಳು ಮಂಗಮ್ಮ.

ಗಂಗುಲಪ್ಪ ಅವತ್ತು ನಕ್ಕಿದ್ದು ಆಗಲೇ. ಹೊತ್ತು ಇಳಿಯುವಷ್ಟರಲ್ಲಿ ಹುಳುಗಳೆಲ್ಲ ಚಂದ್ರಿಕೆ ಏರಿದವು. ಬೆಳೆ ಉಳಿಯಿತು.

ಮುಂದಿನ ಭಾನುವಾರ ಗಂಡಸರ ಕಡೆ ಅವನಿಗೆಂದು ಚಾಪೆ ಹಾಸಿ ಕಾದೆ. ಬರಲಿಲ್ಲ. ಬೇಲಿಯ ಮೇಲಿಂದ ದಿನವೂ ಕರೆದೆ. ನನ್ನನ್ನು ಕಂಡರೆ ಅವನು ದಾರಿ ಬದಲಿಸತೊಡಗಿದ.

"ಅಷ್ಟು ಮಾಡಿದ್ರೂ ಒಂದು ದಿನ ಬರಬಾರ್ದೇನೇ?" ಎಂದು ಮಂಗಮ್ಮನಿಗೆ ದೂರಿದೆ.

"ಕೂಲಿ ಕೇಳ್ತಿದ್ದೀಯಾ ಅಕ್ಕ?"

"ಅವನ ಆತ್ಮಕ್ಕೋಸ್ಕರ ಕಣೇ."

"ಅದನ್ನ ದೇವರು ನೋಡ್ಕೋತಾನೆ. ನಿಂಗೆ ಹೆದರ್ಕೊಂಡು ಆವಯ್ಯ ಬಿಸಿಲಲ್ಲಿ ಸುತ್ತಾಕ್ಕೊಂಡು ಹೋಗ್ತಾ ಅವ್ನೆ. ಅದನ್ನ ನೋಡು."

ಸಭೆ ಇರುವುದು ಯಾತಕ್ಕೆ ಎಂದು ನನಗೆ ಆ ಗಳಿಗೆಯಲ್ಲೇ ಹೊಳೆಯಿತು ಎಂದರೆ ಸುಳ್ಳಾದೀತು. ಸಿಟ್ಟಿನಿಂದ ಅವಳ ಜೊತೆ, ಊರವರ ಜೊತೆಯೂ, ಒಂದು ವಾರ ಮಾತು ಬಿಟ್ಟೆ. ಊರಿಗೆ ಆ ವಾರ ಹಿತವಾಗಿತ್ತಂತೆ.

ಏಳು ವರ್ಷ ಕಳೆದ ಮೇಲೆ, ನೂಲು ತೆಗೆಯುವ ಒಲೆಯ ಹೊಗೆ ಕುಡಿದ ಎದೆಗೆ ಉಬ್ಬಸ ಹತ್ತಿ ಮಂಗಮ್ಮ ಹಾಸಿಗೆ ಹಿಡಿದಳು. ಪಕ್ಕದಲ್ಲಿ ಕೂತು ಕೈ ಹಿಡಿದೆ. ಕಣ್ಣು ಬಿಟ್ಟುಕೊಂಡೇ, ಒಂದೇ ಉಸಿರಿನಲ್ಲಿ ಪ್ರಾರ್ಥನೆ ಮುಗಿಸಿದೆ. ಅವಳಿಗೆ ಅದೇ ನೆಮ್ಮದಿ ಎನಿಸಿರಬೇಕು. ಉಸಿರು ಕೂಡಿಸಿಕೊಂಡು ಹೇಳಿದಳು:

"ಅಕ್ಕ, ಗಂಗುಲಪ್ಪನ ಮನೆ ಹುಳ ಈ ಭಾನುವಾರ ಹಣ್ಣಾಗ್ತವಂತೆ. ನಾನಿರಲ್ಲ. ನೀನು ಹೋಗಿ ಆರಿಸಿಕೊಡು. ಸಭೆಗೆ ಬಾ ಅಂತ ಮಾತ್ರ ಕರೀಬೇಡ."