ಎಂಜಿನ್ ಆರಿಸದ ಯಜಮಾನರು

ಎಂಬತ್ತರ ಇಸವಿಯ ಸುಮಾರಿಗೆ, ಗುಬ್ಬಿಯಲ್ಲಿ ನನ್ನ ಹಿಟ್ಟಿನ ಗಿರಣಿಯ ಪಕ್ಕ ಜವಳಿ ಅಂಗಡಿ ಇಟ್ಟಿದ್ದ ಯಜಮಾನರು ತುಮಕೂರಿನಿಂದ ಹಳೆಯ ಕಾರೊಂದನ್ನು ಕೊಂಡು ತಂದರು. ತಳ್ಳದೆ ಅದು ಹೊರಟಿದ್ದನ್ನು ನಾನು ಕಂಡಿಲ್ಲ. ಮೂಟೆ ಎತ್ತಿ ಸೋತ ಮೈಯಲ್ಲೇ ಹೋಗಿ ಹೆಗಲು ಕೊಡುತ್ತಿದ್ದೆ. ಎಂಜಿನ್ ಗುರುಗುಟ್ಟಿದ ಕೂಡಲೇ ಅವರು ಕನ್ನಡಕ ಸರಿಮಾಡಿಕೊಂಡು, "ಒಂದ್ಸಲ ಸ್ಟಾರ್ಟ್ ಆದ್ರೆ ಕುದುರೆ ಕಣಯ್ಯ" ಎನ್ನುತ್ತಿದ್ದರು.

ಹೊಸದಾಗಿ ಮದುವೆಯಾದ ಮಗಳನ್ನು ಕುಣಿಗಲ್ಲಿನ ಗಂಡನ ಮನೆಗೆ ಬಿಡಲು ಹೊರಟಾಗ ನನ್ನನ್ನೂ ಕರೆದೊಯ್ದರು. ಯಾಕೆಂದು ಹೇಳಬೇಕಾಗಿರಲಿಲ್ಲ. ಬೀಗರ ಬಾಗಿಲಲ್ಲಿ ಮಗಳು ಇಳಿದಳು, ನಾನು ಇಳಿದೆ, ಅವರು ಇಳಿಯಲಿಲ್ಲ. ಎಂಜಿನ್ ಓಡುತ್ತಲೇ ಇತ್ತು.

"ಆರಿಸಿದ್ರೆ ಬೀಗರ ಬೀದೀಲಿ ತಳ್ಳಿಸ್ಕಬೇಕು. ಆಮೇಲೆ ನನ್ ಮಗಳು ದಿನಾ ಆ ಮಾತು ಕೇಳ್ಬೇಕು ಕಣಯ್ಯ," ಎಂದು ನನಗಷ್ಟೇ ಕೇಳುವಂತೆ ಅಂದರು.

ಒಳಗೆ ಎಲೆ ಹಾಕಿದ್ದರು. ಬೀಗರು ಕರೆದು ಕರೆದು, ಕೊನೆಗೆ ಮುಖ ಬಿಗಿದುಕೊಂಡು ಕಾರಿನ ಹತ್ತಿರ ಬಂದರು.

"ನಮ್ಮನೆ ಹೊಸಲು ತುಳೀಬಾರ್ದು ಅನ್ನೋವಂಥದ್ದು ನಾವೇನ್ ಮಾಡಿದೀವಿ ಯಜಮಾನ್ರೇ?"

ಯಜಮಾನರು ಸ್ಟೇರಿಂಗ್ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಹೊಸಿಲಲ್ಲಿ ನಿಂತಿದ್ದ ಮಗಳು ನೆಟ್ಟಗೆ ಬಂದು, ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿಬಿಟ್ಟಳು. ಎಂಜಿನ್ ನಿಂತಿತು.

"ಮಾವ, ಇದು ತಳ್ದೆ ಸ್ಟಾರ್ಟ್ ಆಗಲ್ಲ, ಅದಕ್ಕೇ ನಮ್ಮಪ್ಪ ಹಿಂಗೆ ಕೂತವ್ರೆ. ಊಟ ಆಗ್ಲಿ, ಎಲ್ರೂ ಸೇರಿ ತಳ್ಳಣ," ಎಂದಳು.

ಬೀಗರು ನಕ್ಕುಬಿಟ್ಟರು. ಯಜಮಾನರು ಮೆಲ್ಲಗೆ ಇಳಿದರು. ಅಂಗಿ ಬೆನ್ನಿಗೆ ಅಂಟಿತ್ತು. ಮಗಳು ಚೆಂಬಿನಿಂದ ಕೈಗೆ ನೀರು ಹುಯ್ಯುವಾಗ ನೋಡಿದೆ, ಅವರ ಬೆರಳುಗಳು ಸ್ಟೇರಿಂಗ್ ಹಿಡಿದ ಹಾಗೆ ಇನ್ನೂ ಮಡಚಿಕೊಂಡೇ ಇದ್ದವು.