ಭಾಗಕ್ಕೆ ಬಂದವರು

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಇಬ್ಬರು ಗಂಡಸರು ನಿಂತು ಒಂದೇ ಮಾತು ಹೇಳಿದರು. "ಭಾಗಕ್ಕೆ ಬಂದಿದೀನಿ." ಒಬ್ಬ ಅರಕಲಗೂಡಿನಲ್ಲಿರುವ ನನ್ನ ಮೈದುನ ಸಿದ್ದೇಶ. ಇನ್ನೊಬ್ಬರ ಮುಖವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಇಬ್ಬರನ್ನೂ ಕರೆಸಿದ್ದು ನನ್ನ ಕನ್ನಡ!

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಬಹಳ ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದ್ದು ನಿಮಗೆ ಗೊತ್ತು. (ಇದನ್ನು ಓದುವವರಲ್ಲಿ ಕೆಲವರಾದರೂ ನನ್ನ ಹತ್ತಿರ ಟೈಪಿಂಗ್ ಕಲಿತು, ಇವತ್ತಿಗೂ ಎರಡೇ ಬೆರಳಲ್ಲಿ ಕುಟ್ಟುತ್ತಿರಬಹುದು.) ಕ್ಲಾಸ್ ಮುಚ್ಚಿದಾಗ ಸಾಮಾನೆಲ್ಲ ಮನೆಯ ಕೆಳಗಿನ ರೂಮಿಗೆ ಬಂತು. ಡಬ್ಬದಂಥ ಮಾನಿಟರ್‌ಗಳು, ಹಲ್ಲುದುರಿದ ಕೀಬೋರ್ಡ್‌ಗಳು, ಸರ್ಕ್ಯೂಟ್ ಬೋರ್ಡು, ಫ್ಯಾನು, ವೈರು. ಬಂದದ್ದು ಕೂತೇಬಿಟ್ಟಿತು. ಬಳಸುವುದಕ್ಕಾಗದು, ಬಿಸಾಡಲು ಮನಸ್ಸಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಂದು ರೂಮು, ಹೋಗಲಿ, ಅಟ್ಟವಾದರೂ ಇಲ್ಲವೇ?

ಆದರೆ ಈಗ ಆ ರೂಮು ಬೇಕೇ ಬೇಕಿತ್ತು. ನಮ್ಮತ್ತೆಗೆ ಮಂಡಿ ಆಪರೇಷನ್. ಅವರು ಮಲಗುವುದು ಮಹಡಿ ಮೇಲೆ. ಮೆಟ್ಟಿಲಿಗೊಂದು ಸಲ "ಶಿವನೇ" ಅಂದುಕೊಂಡು ಇಳಿಯುತ್ತಿದ್ದರು. ಆಪರೇಷನ್ ಆದ ಮೇಲೆ ಮೆಟ್ಟಿಲ ಮಾತೇ ಎತ್ತಬೇಡಿ ಎಂದಿದ್ದರು ಡಾಕ್ಟರು. ಆಸ್ಪತ್ರೆಯಿಂದ ಬಂದವರನ್ನು ಮಲಗಿಸುವುದೆಲ್ಲಿ? ಮಾನಿಟರ್ ಮೇಲಾ?

"ಗುಜರಿಗೆ ಹಾಕಿಬಿಡ್ತೀನಿ" ಅಂದೆ. ಅಡ್ಡ ಬಂದವರು ಸಾಕ್ಷಾತ್ ಅತ್ತೆಯೇ.

"ವರ್ಸಾ ವರ್ಸಾ ಆಯುಧಪೂಜೇಲಿ ಕುಂಕ್ಮ ಇಟ್ಟು ಕೈ ಮುಗ್ದಿದೀಯ. ಗುಜ್ರೀಲಿ ಸುತ್ಗೆ ತಗಂಡು ಕುಟ್ತಾರೆ ಕಣವ್ವ. ಇಟ್ಕಳೋರು ಯಾರಾದ್ರೂ ಇದ್ರೆ ಕೊಡು."

ಇಟ್ಟುಕೊಳ್ಳುವವರೂ ಇದ್ದಾರೆ ಸ್ವಾಮಿ! ಹಳೇ ಕಂಪ್ಯೂಟರ್‌ಗಳಿಗೆ ಜೀವ ಬರಿಸುವುದನ್ನೇ ಹವ್ಯಾಸ ಮಾಡಿಕೊಂಡವರ ವಾಟ್ಸಾಪ್ ಗ್ರೂಪೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಅದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ, "ಸ್ಟೇಟಸ್ ಹಾಕಿ ಮೇಡಂ, ನಾನು ಅಲ್ಲಿಗೆ ಕಳಿಸ್ತೀನಿ" ಅಂದಳು. ಮೊದಲು ಫೋಟೊ ಹಾಕಿದೆ. ಆಮೇಲೆ ಬರಹ. ಅಂಕಣ ಬರೆಯುವವಳಲ್ಲವೇ, 'ಪಾರ್ಟ್ಸ್' ಅನ್ನಲು ಮನಸ್ಸು ಬರಲಿಲ್ಲ. ಹೀಗೆ ಬರೆದೆ: "ಬಹಳ ಕಾಲದಿಂದ ನಮ್ಮಲ್ಲೇ ಉಳಿದಿರುವ ಭಾಗಗಳನ್ನು ಆಸಕ್ತರಿಗೆ ಕೊಡುತ್ತಿದ್ದೇವೆ. ಭಾನುವಾರ ಬಂದು ತೆಗೆದುಕೊಂಡು ಹೋಗಿ."

ನಮ್ಮ ಕಡೆ 'ಭಾಗ' ಅಂದರೆ ಒಂದೇ ಅರ್ಥ, ಆಸ್ತಿ ಪಾಲು. ಯಾರೋ ಪುಣ್ಯಾತ್ಮರು ಫೋಟೊ ಬಿಟ್ಟು ಬರಹದ್ದಷ್ಟೇ ಸ್ಕ್ರೀನ್‌ಶಾಟ್ ತೆಗೆದು ಅರಕಲಗೂಡಿಗೆ ಕಳಿಸಿದರು.

ಬೂವನಹಳ್ಳಿ ಪಕ್ಕ ನಮ್ಮ ಯಜಮಾನರಿಗೂ ಸಿದ್ದೇಶನಿಗೂ ಸೇರಿದ ಒಂದು ತುಂಡು ಜಮೀನಿದೆ. ಅಲ್ಲಿ ವಿಮಾನ ನಿಲ್ದಾಣದ ಮಾತು ಶುರುವಾಗಿ ಬೆಲೆ ಏರಿದಾಗಿನಿಂದ ಅಣ್ಣತಮ್ಮಂದಿರ ಮಾತು ನಿಂತಿತ್ತು. ಹಬ್ಬಕ್ಕೂ ಅವನು ನಮ್ಮ ಹೊಸಿಲು ತುಳಿದಿರಲಿಲ್ಲ. "ಆಪ್ರೇಸನ್ ವಿಸ್ಯ ಅವ್ನಿಗೆ ಹೇಳ್ಬೇಡಿ. ಅವ್ವನ್ನ ನಾನ್ ನೋಡ್ಕತೀನಿ ಅಂತ ಅದ್ಕೂ ಜಗಳ ತೆಗೀತಾನೆ" ಎಂದು ಅತ್ತೆ ನಮ್ಮ ಬಾಯಿಗೆ ಬೀಗ ಹಾಕಿಸಿದ್ದರು.

ಈಗ ಬಂದವನು ಒಬ್ಬನೇ ಬಂದಿರಲಿಲ್ಲ. ಪಂಚಾಯ್ತಿ ಮಾಡಲು ಊರಿನ ಹಿರಿಯರಾದ ನಂಜಪ್ಪನವರೂ ಹಿಂದೆಯೇ ಬಂದರು. ಬಗಲಿಗೆ ದೊಡ್ಡ ಚೀಲ ಹಾಕಿಕೊಂಡಿದ್ದ ಅಪರಿಚಿತರು ಹೊಳೆನರಸೀಪುರದ ಪುಟ್ಟರಾಜು. ಕೆಲಸ ಬಸ್ ಕಂಡಕ್ಟರ್, ರಜೆಯ ದಿನ ಕಂಪ್ಯೂಟರ್ ಹುಚ್ಚು.

"ನೀವ್ಯಾರು? ನಮ್ಮನೆ ಭಾಗ ನಿಮ್ಗ್ಯಾಕೆ?" ಸಿದ್ದೇಶ ಗುರ್ರೆಂದ.

"ಮೇಡಮ್ಮೇ ಕರ್ದವ್ರೆ ಸಾ. ಚನ್ನರಾಯಪಟ್ಣದಿಂದ್ಲೂ ಒಬ್ರು ಬತ್ತಾವ್ರೆ. ಮೊದ್ಲು ಬಂದೋರ್ಗೆ ಮೊದ್ಲು."

ನಂಜಪ್ಪನವರು ಜಗಲಿ ಮೇಲೆ ಕುಸಿದು ಕೂತರು. ಪುಟ್ಟರಾಜು ನನ್ನತ್ತ ತಿರುಗಿ, "ಹಾರ್ಡ್ ಡಿಸ್ಕು ಪಾರ್ಟಿಷನ್ ಆಗೈತಾ ಮೇಡಂ?" ಅಂದರು.

"ಪಾರ್ಟಿಷನ್ನೂ ಆಗೋಯ್ತಾ? ನನ್ ಸೈನೇ ಇಲ್ದೆ?" ಸಿದ್ದೇಶನ ದನಿ ಬೀದಿಯ ಕೊನೆಗೂ ಕೇಳಿಸಿತು.

ನಾನು ರೂಮಿನ ಬಾಗಿಲು ತೆಗೆದೆ. "ಇವೇ ಕಣಪ್ಪ ಭಾಗ." ಹಣೆಗೆ ಒಣಗಿದ ಕುಂಕುಮ ಇಟ್ಟುಕೊಂಡ ಮಾನಿಟರ್‌ಗಳು ಸಾಲಾಗಿ ಕೂತಿದ್ದವು. ಮೊದಲು ನಕ್ಕವರು ನಂಜಪ್ಪನವರು. ನಕ್ಕು ನಕ್ಕು ಕೆಮ್ಮು ಬಂತು. ಸಿದ್ದೇಶ ಮಾತ್ರ ನಗಲೂ ಆಗದೆ, ಸಿಟ್ಟು ಬಿಡಲೂ ಆಗದೆ ನಿಂತಿದ್ದ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ "ಶಿವನೇ" ಕೇಳಿಸಿತು. ಗಲಾಟೆ ಕೇಳಿ ಅತ್ತೆ ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದರು. ಸಿದ್ದೇಶ ಓಡಿಹೋಗಿ ತೋಳು ಹಿಡಿದುಕೊಂಡ. "ಏನವ್ವಾ ಇದು?"

"ಮಂಡಿ ಆಪ್ರೇಸನ್ ಮಾಡಿಸ್ಕತಾ ಇವ್ನಿ ಕಣ್ಲಾ. ಈ ಸಾಮಾನ್ ಹೋದ್ರೆ ನಂಗೆ ಕೆಳ್ಗೆ ಜಾಗ." ಅತ್ತೆ ಮೆಟ್ಟಿಲ ಮೇಲೇ ಕೂತು ಸುಧಾರಿಸಿಕೊಂಡರು. "ಭಾಗಕ್ಕೆ ಬಂದ್ಯಂತೆ. ತಗಳಪ್ಪ. ಆದ್ರೆ ನಾನ್ ಯಾರ್ ಭಾಗಕ್ಕೆ ಕಣ್ಲಾ?"

ಕಾಫಿ ತಂದ ನಮ್ಮ ಯಜಮಾನರು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು.

ಸಿದ್ದೇಶ ಪಂಚೆ ಎತ್ತಿ ಕಟ್ಟಿ, ಒಂದು ಮಾನಿಟರ್ ಹೊತ್ತುಕೊಂಡು ಹೊರಗೆ ನಡೆದ. ಎರಡನೆಯದಕ್ಕೆ ಬಗ್ಗಿದಾಗ ಅವನ ಅಣ್ಣ ಲೋಟ ಕೆಳಗಿಟ್ಟು ಬಂದರು. "ಒಬ್ನೇ ಎತ್ಬೇಡ, ಸೊಂಟ ಹಿಡ್ಕೊಳುತ್ತೆ." ವಿಮಾನದ ಸುದ್ದಿ ಬಂದ ಮೇಲೆ ಅವರಿಬ್ಬರ ನಡುವೆ ಇದೇ ಮೊದಲ ಮಾತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. (ಧೂಳು ಅಂದುಕೊಳ್ಳಿ.)

ಚನ್ನರಾಯಪಟ್ಟಣದಿಂದ ಬಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬೋರ್ಡುಗಳನ್ನೆಲ್ಲ ಆರಿಸಿಕೊಂಡರು, ಗೋಡೆ ಗಡಿಯಾರ ಮಾಡುತ್ತಾರಂತೆ. ಉಳಿದದ್ದೆಲ್ಲ ಪುಟ್ಟರಾಜು ಕರೆಸಿದ ಲಗೇಜ್ ಆಟೋಗೆ. ಕುಂಕುಮ ಒರೆಸಲು ಹೋದ ನನ್ನನ್ನು ಅವರು ತಡೆದರು. "ಇರ್ಲಿ ಬುಡಿ ಮೇಡಂ, ಅಂಗೇ ಆನ್ ಮಾಡ್ತೀನಿ."

ಮಧ್ಯಾಹ್ನದ ಹೊತ್ತಿಗೆ ರೂಮು ಖಾಲಿ. ಅಬ್ಬ, ಎಷ್ಟು ಹಗುರ! ಅದಕ್ಕೆ ಕಿಟಕಿ ಇರುವುದೇ ನನಗೆ ಮರೆತುಹೋಗಿತ್ತು. ಅಣ್ಣತಮ್ಮ ಸೇರಿ ಅತ್ತೆಯ ಮಂಚ ಇಳಿಸಿದರು. "ಆಸ್ಪತ್ರೇಲಿ ನಾನೇ ಇರ್ತೀನಿ. ನಡ್ಯಂಗಾದ್ಮ್ಯಾಕೆ ಅವ್ವ ನನ್ ಭಾಗ" ಅಂದ ಸಿದ್ದೇಶ. "ಅದೆಲ್ಲ ಆಗಕ್ಕಿಲ್ಲ" ಅಂದರು ಅಣ್ಣ. ಮತ್ತೆ ಜಗಳ! ಇಂಥ ಜಗಳ ನಮ್ಮ ಮನೆಯಲ್ಲಿ ದಿನಾ ಇರಲಿ.

ಜಮೀನಿನ ಮಾತು ಅವತ್ತು ಯಾರೂ ಎತ್ತಲಿಲ್ಲ. ಊಟ ಮುಗಿಸಿ ಹೊರಟ ನಂಜಪ್ಪನವರಿಗೆ ಪೇಚಾಟ. "ಪಂಚಾಯ್ತಿ ಏನಾಯ್ತು ಅಂತ ಊರ್ನಲ್ಲಿ ಕೇಳ್ತಾರೆ. ಏನ್ ಹೇಳ್ಲಿ?"

ಹೊಸ ಜಾಗದಲ್ಲಿ ಕಾಲು ನೀಡಿಕೊಂಡಿದ್ದ ಅತ್ತೆ ಮಂಚದಿಂದಲೇ ಹೇಳಿದರು: "ಭಾಗ ಆಗೋಯ್ತು ಅನ್ನಪ್ಪ. ಎಲ್ಲಾ ಹೊಳೆನರಸೀಪುರದೋರ್ಗೆ ಓಯ್ತು, ನಂಗೆ ಇಬ್ರು ಮಕ್ಳು ಬಂದ್ರು ಅನ್ನು."